ಬೆನ್ನು ಮುರಿಯದ ಹಾಗೆ ಓದುವುದು

ನಮ್ಮ ಮನೆಯೊಳಗೆ ಬರಬೇಕಾದರೆ ಯಾರೇ ಆಗಲಿ ಅಪ್ಪನ ಪುಸ್ತಕದಂಗಡಿಯನ್ನು ಹಾದೇ ಬರಬೇಕಿತ್ತು. ರಾಜಾಜಿನಗರದ ಒಂದು ಕ್ರಾಸ್ ರಸ್ತೆಯಲ್ಲಿದ್ದ ಆ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂಗಡಿಗೂ ಮನೆಗೂ ನಡುವೆ ಬಾಗಿಲಿರಲಿಲ್ಲ, ಅಮ್ಮನ ಹಳೇ ಸೀರೆಯಿಂದ ಹೊಲಿದ ಒಂದು ಪರದೆ ಇತ್ತು. ಪರದೆಯ ಈಚೆ ನಡುಮನೆ, ಅದರ ಹಿಂದೆ ಅಡುಗೆಮನೆ, ಬಚ್ಚಲು, ಅಲ್ಲಿಗೆ ಮನೆ ಮುಗಿಯಿತು. ಅಪ್ಪ ನಾನು ಊಟಕ್ಕೆ ಕೂತರೆ ಪರದೆಯ ಕೆಳಗೆ ಗಿರಾಕಿಗಳ ಕಾಲುಗಳು ಕಾಣುತ್ತಿದ್ದವು. ಕಾಲು ನೋಡಿಯೇ ಬಂದವರು ಯಾರೆಂದು ಅಪ್ಪ ಹೇಳುತ್ತಿದ್ದರು. ಕಾರ್ಖಾನೆಯ ಬೂಟಾದರೆ ಮಗಳಿಗೆ ಗೈಡ್ ಕೊಳ್ಳಲು ಬಂದ ಕೆಲಸಗಾರರು. ಸವೆದ ಹವಾಯಿ ಚಪ್ಪಲಿಯಾದರೆ ನಿಂತುಕೊಂಡೇ ಒಂದು ಕಥೆ ಓದಿ ಮುಗಿಸಿ ಹೊರಡುವ ಪಿಂಚಣಿದಾರರು. ಯಾರಾದರೇನು, ಅಪ್ಪ ಕಲಸಿದ ಅನ್ನವನ್ನು ಹಾಗೇ ಬಿಟ್ಟು, ಎಡಗೈಯಲ್ಲಿ ಪರದೆ ಸರಿಸಿಕೊಂಡು ಎದ್ದು ಹೋಗುತ್ತಿದ್ದರು. ವಾಪಸು ಬರುವಷ್ಟರಲ್ಲಿ ಅನ್ನ ಆರಿರುತ್ತಿತ್ತು. ಅಪ್ಪ ಬಿಸಿ ಅನ್ನವನ್ನು ಪೂರ್ತಿ ಉಂಡ ಮಧ್ಯಾಹ್ನ ನನಗೆ ನೆನಪಿಲ್ಲ.

ಅಮ್ಮನಿಗೆ ಒಂದೇ ಆಸೆ. ಮುಂದಿನ ಕೋಣೆ ಹಾಲ್ ಆಗಬೇಕು. ಅಕ್ಕಪಕ್ಕದ ಮನೆಗಳಲ್ಲಿ ಆ ಕೋಣೆಯಲ್ಲಿ ಬೆತ್ತದ ಕುರ್ಚಿಗಳಿದ್ದವು, ಕಸೂತಿ ಬಟ್ಟೆ ಹೊದಿಸಿದ ಟಿವಿ ಇತ್ತು. ನಮ್ಮಲ್ಲಿಗೆ ನೆಂಟರು ಬಂದರೆ ಪಠ್ಯಪುಸ್ತಕದ ಕಟ್ಟಿನ ಮೇಲೆ ಕೂರಿಸಬೇಕು, ಕಾಫಿ ಲೋಟವನ್ನು ನಿಘಂಟಿನ ಮೇಲೆ ಇಡಬೇಕು. ಅಮ್ಮ ಈ ವಿಷಯಕ್ಕೆ ಜಗಳ ತೆಗೆಯುತ್ತಿದ್ದಳು, ಆದರೆ ಪರದೆಯಾಚೆ ಗಿರಾಕಿಗಳಿದ್ದಾರಲ್ಲ, ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಬೇಕಿತ್ತು. ಸಾಸಿವೆ ಸಿಡಿಯುವ ಸದ್ದು ನೋಡಿಕೊಂಡು ಅಮ್ಮ ಗಟ್ಟಿ ಮಾತುಗಳನ್ನು ಆಡಿ ಮುಗಿಸುತ್ತಿದ್ದಳು. ನನಗೆ ಈ ವಯಸ್ಸಿನಲ್ಲೂ ದನಿ ಏರಿಸಿ ಜಗಳವಾಡಲು ಬರುವುದಿಲ್ಲ. ನಾನು ಸಿಟ್ಟಾದಷ್ಟೂ ನನ್ನ ದನಿ ಇಳಿಯುತ್ತದೆ, ನನ್ನ ಮಕ್ಕಳು ಅದಕ್ಕೇ ಹೆದರುತ್ತಾರೆ.

ಅಷ್ಟು ಪುಸ್ತಕಗಳ ನಡುವೆ ಬೆಳೆದವಳು ನೀನು, ಎಷ್ಟು ಪುಣ್ಯವಂತೆ ಎಂದು ಜನ ಹೇಳುತ್ತಾರೆ. ಅವು ನಮ್ಮ ಪುಸ್ತಕಗಳಲ್ಲ, ಮಾರುವ ಪುಸ್ತಕಗಳು ಎಂಬುದು ಅವರಿಗೆ ಹೊಳೆಯುವುದಿಲ್ಲ. ನನಗೆ ಓದುವ ಅಪ್ಪಣೆಯಿತ್ತು, ಆದರೆ ಅದಕ್ಕೊಂದು ಕಟ್ಟಳೆ. ಕೈ ತೊಳೆದು ಒರೆಸಿಕೊಂಡು ಬರಬೇಕು. ಪುಸ್ತಕವನ್ನು ಅಂಗೈ ಅಗಲ ಮಾತ್ರ ತೆರೆಯಬೇಕು, ಪೂರ್ತಿ ಬಿಡಿಸಿದರೆ ಬೆನ್ನಿನ ಮೇಲೆ ಬಿಳಿಯ ಗೆರೆ ಬೀಳುತ್ತದೆ, ಬೆನ್ನು ಮುರಿದ ಪುಸ್ತಕವನ್ನು ಹೊಸದೆಂದು ಮಾರಲಾಗುವುದಿಲ್ಲ. ಹಾಗಾಗಿ ನಾನು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, ಎರಡು ಪುಟಗಳ ಸಂದಿಯೊಳಗೆ ಇಣುಕಿ ಓದುತ್ತಿದ್ದೆ. ಒಳಗಂಚಿನ ಅಕ್ಷರಗಳು ಕಾಣದಿದ್ದರೆ ಊಹೆಯಿಂದ ತುಂಬಿಕೊಳ್ಳುತ್ತಿದ್ದೆ. ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅರ್ಧ ಓದಿದ ಪುಸ್ತಕ ನಾನು ಶಾಲೆಯಿಂದ ಬರುವಷ್ಟರಲ್ಲಿ ಮಾರಿ ಹೋಗಿರುತ್ತಿತ್ತು. ಕಣ್ಣು ಕಾಣದ ಅಜ್ಜಿಯ ಕೈ ಹಿಡಿದು ಕಾಶಿಗೆ ಹೊರಟ ಒಬ್ಬ ಹುಡುಗಿಯ ಕಥೆ ಅದರಲ್ಲೊಂದು. ಅವರಿಬ್ಬರೂ ಯಾವುದೋ ದೊಡ್ಡ ರೈಲ್ವೆ ನಿಲ್ದಾಣದ ಜನಜಂಗುಳಿಯಲ್ಲಿ ಒಬ್ಬರಿಂದೊಬ್ಬರು ತಪ್ಪಿಸಿಕೊಂಡಿದ್ದಾರೆ, ಅಲ್ಲಿಗೆ ಪುಸ್ತಕ ಹೋಯಿತು. ನಾನು ಅತ್ತೆ. ಅಪ್ಪನಿಗೆ ಅಂದು ಎಲ್ಲಿಲ್ಲದ ಖುಷಿ, ವ್ಯಾಪಾರವಾಗಿದೆಯಲ್ಲ. ಕಥೆಗಳು ಕೊನೆ ಮುಟ್ಟದೆ ನಿಂತುಹೋಗುವುದೇ ನಮ್ಮ ಮನೆ ಚೆನ್ನಾಗಿ ನಡೆಯುತ್ತಿರುವುದರ ಗುರುತು ಎಂದು ನನಗೆ ಆಗ ಗೊತ್ತಿರಲಿಲ್ಲ.

ಅಪ್ಪ ವ್ಯಾಪಾರ ಮಾಡುತ್ತಿದ್ದ ರೀತಿಗೆ ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಯಾರಾದರೂ ಪುಸ್ತಕ ಕೈಗೆತ್ತಿಕೊಂಡರೆ ಅಪ್ಪ ಅವರ ಮುಖ ನೋಡಿ, ಇದು ನಿಮಗೆ ಬೇಡ ಬಿಡಿ, ನಿಮಗೆ ಬೇಜಾರಾಗುತ್ತದೆ ಎಂದು ಕಿತ್ತುಕೊಂಡು ಇನ್ನೊಂದನ್ನು ಕೊಡುತ್ತಿದ್ದರು. ಗಂಡ ತೀರಿಕೊಂಡು ತಿಂಗಳಾಗದವರಿಗೆ ಸಾವಿನ ಕಾದಂಬರಿ ಕೊಡುತ್ತಿರಲಿಲ್ಲ. ಮಗ್ಗಿ ಬಾರದ ಹುಡುಗನ ತಂದೆ ದೊಡ್ಡ ಗಣಿತದ ಗೈಡ್ ಕೇಳಿದರೆ, ಚಿಕ್ಕದು ಸಾಕು, ಮೊದಲು ಮಗ್ಗಿ ಕಲಿಯಲಿ ಎನ್ನುತ್ತಿದ್ದರು. ಬೇಡ ಎಂದು ಹೇಳಿ ಹೇಳಿಯೇ ಅಪ್ಪ ಗಿರಾಕಿಗಳನ್ನು ಗಳಿಸಿದ್ದರು. ಹೊಸಹಳ್ಳಿಯಿಂದ, ಮಾರೇನಹಳ್ಳಿಯಿಂದ ಜನ ಬಸ್ಸು ಹತ್ತಿ ಬಂದು, ಏನು ಓದಲಿ ಹೇಳಿ ಸಾರ್ ಎಂದು ಕೇಳುತ್ತಿದ್ದರು.

ಆಮೇಲೆ ಮುಖ್ಯರಸ್ತೆಯ ಬಸ್ ನಿಲ್ದಾಣದ ಎದುರಿಗೆ ಆ ದೊಡ್ಡ ಅಂಗಡಿ ಬಂತು. ಊರಿನ ಬೇರೆ ಬಡಾವಣೆಗಳಲ್ಲಿ ಅವರಿಗೆ ಆಗಲೇ ಅಂಗಡಿಗಳಿದ್ದವು, ಇದು ಹೊಸ ಶಾಖೆ. ಅಲ್ಲಿ ಗಾಜಿನ ಬಾಗಿಲು, ಸಾಲು ಟ್ಯೂಬ್‌ಲೈಟು, ಕರೆಂಟು ಹೋದರೆ ಗುಡುಗುಟ್ಟುವ ಜನರೇಟರ್. ಎಲ್ಲ ಪುಸ್ತಕಕ್ಕೂ ರಿಯಾಯಿತಿ, ಏಕೆಂದರೆ ಪ್ರಕಾಶಕರಿಂದ ಲಾರಿಗಟ್ಟಲೆ ಖರೀದಿಸುವವರಿಗೆ ಸಿಗುವ ದರವೇ ಬೇರೆ, ಕಟ್ಟುಗಟ್ಟಲೆ ತರುವ ಅಪ್ಪನಿಗೆ ಸಿಗುವ ದರವೇ ಬೇರೆ. ಮೊದಲ ದಿನ ಅಪ್ಪನೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಒಂದು ಪುಸ್ತಕವನ್ನು ಮೂಸಿ ನೋಡಿ, ಇವರ ಪುಸ್ತಕಕ್ಕೆ ವಾಸನೆಯೇ ಇಲ್ಲವಲ್ಲ ಎಂದು ನಕ್ಕರು. ನಮ್ಮ ಪುಸ್ತಕಗಳಿಗೆ ಸಾರಿನ ಒಗ್ಗರಣೆಯ ವಾಸನೆ ಅಂಟಿರುತ್ತಿತ್ತು, ಗಿರಾಕಿಗಳು ಅದನ್ನು ಹೇಳಿ ಗೇಲಿ ಮಾಡುತ್ತಿದ್ದರು. ಆ ನಗು ಹೆಚ್ಚು ಕಾಲ ಉಳಿಯಲಿಲ್ಲ.

ಜನ ಬರುವುದು ನಿಂತುಬಿಟ್ಟಿದ್ದರೆ ನೋವು ಒಂದೇ ಸಲಕ್ಕೆ ಮುಗಿಯುತ್ತಿತ್ತು. ಜನ ಬರುತ್ತಲೇ ಇದ್ದರು. ಏನು ಓದಲಿ ಎಂದು ಮೊದಲಿನ ಹಾಗೇ ಕೇಳುತ್ತಿದ್ದರು, ಅಪ್ಪ ಮೊದಲಿನ ಹಾಗೇ ಅರ್ಧ ಗಂಟೆ ಮಾತಾಡಿ ಹೇಳುತ್ತಿದ್ದರು, ಅವರು ತಲೆಯಾಡಿಸಿ ಕೇಳಿಕೊಂಡು ಮುಖ್ಯರಸ್ತೆಗೆ ಹೋಗಿ ಅದೇ ಪುಸ್ತಕವನ್ನು ರಿಯಾಯಿತಿಯಲ್ಲಿ ಕೊಳ್ಳುತ್ತಿದ್ದರು. ಆ ಅಂಗಡಿಯ ಚೀಲ ಹಿಡಿದುಕೊಂಡೇ ನಮ್ಮ ಬೀದಿಯಲ್ಲಿ ವಾಪಸು ನಡೆದು ಬರುತ್ತಿದ್ದರು. ಅಮ್ಮ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಇನ್ನು ಮೇಲೆ ಕೊಳ್ಳುವವರಿಗೆ ಮಾತ್ರ ಹೇಳಿ, ಬಾಯಿಗೆ ಬೀಗ ಹಾಕಿಕೊಳ್ಳಿ ಎಂದು ಒಗ್ಗರಣೆ ಸದ್ದಿನಲ್ಲಿ ಅಪ್ಪನಿಗೆ ಹೇಳಿದಳು. ಕೇಳಿದವರಿಗೆ ಹೇಳದೆ ಇರುವುದು ಹೇಗೆಂದು ಅಪ್ಪನಿಗೆ ನಿಜವಾಗಿಯೂ ತಿಳಿಯಲಿಲ್ಲ.

ಹಾಗಂತ ಅಪ್ಪ ಕೈ ಕಟ್ಟಿ ಕೂರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಈಗ ಪತ್ರಿಕೆಗಳಲ್ಲಿ ಬುದ್ಧಿವಂತರು ಬರೆಯುತ್ತಾರೆ, ಸಣ್ಣ ಪುಸ್ತಕದಂಗಡಿಗಳು ಉಳಿಯಬೇಕಾದರೆ ಗಿರಾಕಿಯ ಅಭಿರುಚಿ ತಿಳಿದಿರಬೇಕು, ಆತ್ಮೀಯವಾಗಿ ಮಾತಾಡಬೇಕು, ದೊಡ್ಡವರು ಕೊಡದ ಸೇವೆ ಕೊಡಬೇಕು ಎಂದು. ಓದಿದರೆ ಮೈ ಉರಿಯುತ್ತದೆ. ಅಪ್ಪ ಅದೆಲ್ಲವನ್ನೂ ಮಾಡಿದರು. ಜೂನ್ ತಿಂಗಳಲ್ಲಿ ಪಠ್ಯಪುಸ್ತಕ ಕೊಂಡವರಿಗೆ ಖಾಕಿ ಕಾಗದದ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಹೆಸರು ಬರೆದು ಪುಕ್ಕಟೆಯಾಗಿ ಕೊಡುತ್ತೇವೆಂದು ಬೋರ್ಡು ಹಾಕಿದರು. ಹಾಕುವವಳು ಅಮ್ಮ. ಇದ್ದ ಒಂದು ಸೀಮೆಎಣ್ಣೆ ಸ್ಟೌವಿನಿಂದ ಅನ್ನ ಇಳಿಸಿ ಮೈದಾ ಅಂಟು ಕಾಯಿಸುತ್ತಿದ್ದಳು. ನಡುಮನೆಯ ತುಂಬ ಕಾಗದ, ನಾನು ಪಾಠ ಓದುವ ಮೂಲೆಯಲ್ಲೂ ಕಾಗದ, ಮಲಗಲು ಚಾಪೆ ಹಾಸಿದರೆ ಕೆಳಗೆ ಕತ್ತರಿಸಿದ ಚೂರುಗಳು. ಊಟದ ಹೊತ್ತಿಗೂ ಅಂಗಡಿ ಬಿಡಬಾರದೆಂದು ಅಪ್ಪ ತಟ್ಟೆಯನ್ನು ಗಲ್ಲಾದ ಮೇಲೇ ತರಿಸಿಕೊಂಡರು. ಬಿಸಿಲಿಳಿದ ಮೇಲೆ ಸೈಕಲ್ ಮೇಲೆ ಮನೆ ಮನೆಗೆ ಪುಸ್ತಕ ತಲುಪಿಸಲು ಹೊರಟರು, ನಂದಿನಿ ಲೇಔಟ್‌ನ ಏರು ಹತ್ತಿ ಬಂದ ದಿನ ಮಾತಾಡಲೂ ಉಸಿರಿರುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿದ್ದ ಅಂಗಡಿ ಹೀಗೆ ಒಂದೊಂದೇ ಕೋಣೆಯಾಗಿ ಮನೆಯನ್ನೆಲ್ಲ ತೆಗೆದುಕೊಂಡಿತು.

ಎದುರು ಮನೆಯಲ್ಲಿ ಬ್ಯಾಂಕಿನ ಕೆಲಸದ ಆಂಟಿಯೊಬ್ಬರಿದ್ದರು, ಅಮ್ಮನಿಗೆ ಹತ್ತಿರದವರು. ಒಂದು ಸಂಜೆ ಮಗನ ಪುಸ್ತಕಗಳನ್ನು ಹೊತ್ತು ತಂದರು, ಎಲ್ಲವೂ ದೊಡ್ಡ ಅಂಗಡಿಯ ಚೀಲದಲ್ಲೇ ಇದ್ದವು. ಅಲ್ಲಿ ಬೈಂಡ್ ಹಾಕಿಕೊಡುವುದಿಲ್ಲವಂತೆ, ನೀವಾದರೆ ಅಚ್ಚುಕಟ್ಟಾಗಿ ಹಾಕುತ್ತೀರಿ ಎಂದು ಅಮ್ಮನ ಕೈಗಿತ್ತರು. ಅವರಲ್ಲಿ ಕೊಂಕೇನೂ ಇರಲಿಲ್ಲ, ನೆರೆಹೊರೆಯ ಸಲಿಗೆ ಅಷ್ಟೇ. ಅಮ್ಮ ಅಷ್ಟಕ್ಕೂ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಅದೇ ಚೀಲದಲ್ಲಿ ತುಂಬಿ ಕೊಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಬೆರಳುಗಳ ಅಂಟನ್ನು ತುಂಬಾ ಹೊತ್ತು ತಿಕ್ಕಿದಳು.

ಆ ದಿನಗಳಲ್ಲಿ ನಾನು ಮಾತ್ರ ಖುಷಿಯಾಗಿದ್ದೆ. ಪುಸ್ತಕಗಳು ಮಾಯವಾಗುವುದು ನಿಂತಿತ್ತು. ನಿನ್ನೆ ಬಿಟ್ಟ ಪುಟದಿಂದ ಇವತ್ತು ಮುಂದುವರಿಸಬಹುದು, ನಾಳೆ ಮುಗಿಸಬಹುದು. ಒಂದರ ಹಿಂದೊಂದು ಕಥೆಗಳ ಕೊನೆ ಸಿಗತೊಡಗಿತು. ಒಂದು ದಿನ ಅಡುಗೆಮನೆಗೆ ಓಡಿಹೋಗಿ, ಅಮ್ಮಾ, ಕೆಳಗಿನ ಸಾಲು ಪೂರ್ತಿ ಓದಿ ಮುಗಿಸಿದೆ, ಒಂದೂ ಹೋಗಲಿಲ್ಲ ಎಂದು ಹೇಳಿದೆ. ಅಮ್ಮ ಸೌಟು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು. ಬಯ್ಯಲಿಲ್ಲ. ನನಗೆ ಆ ಕ್ಷಣ ಎಲ್ಲವೂ ಅರ್ಥವಾಯಿತು, ಅಲ್ಲಿಂದ ಮುಂದೆ ಪುಸ್ತಕ ಓದಿ ಮುಗಿಸಿದ್ದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲ.

ಆ ವರ್ಷದ ನವರಾತ್ರಿಯಲ್ಲಿ ಒಂದು ದಾರಿ ಕಂಡಿತು. ಪಕ್ಕದ ಬೀದಿಯ ಕನ್ನಡ ಸಂಘದವರು ವಾಚನಾಲಯ ತೆರೆಯುವವರಿದ್ದರು. ಸಂಘದ ಕಾರ್ಯದರ್ಶಿ ರುದ್ರಯ್ಯ ಮೇಷ್ಟ್ರು ಅಪ್ಪನ ಹಳೆಯ ಗಿರಾಕಿ. ವಿಜಯದಶಮಿಯ ಸಂಜೆ ಮಕ್ಕಳ ಸ್ಪರ್ಧೆಗಳಿಗೆ ಬಹುಮಾನವಾಗಿ ಕೊಡುವ ಪುಸ್ತಕಗಳನ್ನು ನಿಮ್ಮಲ್ಲೇ ತೆಗೆದುಕೊಳ್ಳುತ್ತೇವೆ, ಕಮಿಟಿಯವರು ಮೆಚ್ಚಿದರೆ ವಾಚನಾಲಯದ ಪುಸ್ತಕಗಳೆಲ್ಲ ನಿಮ್ಮ ಅಂಗಡಿಯಿಂದಲೇ ಎಂದು ಹೇಳಿದ್ದರು. ವಾಚನಾಲಯ ಸಿಕ್ಕಿದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಮನೆಯಲ್ಲಿ ಮೂವರಿಗೂ ಇದು ಗೊತ್ತಿತ್ತು.

ನಮ್ಮಲ್ಲಿ ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನು ಪೂಜೆಗಿಟ್ಟರೆ, ವಿಜಯದಶಮಿಯ ಬೆಳಿಗ್ಗೆ ಮತ್ತೆ ಪೂಜೆ ಮಾಡಿ ತೆಗೆಯುವವರೆಗೂ ಅವನ್ನು ಮುಟ್ಟುವಂತಿಲ್ಲ, ಓದುವಂತೆಯೂ ಇಲ್ಲ. ಬೇರೆ ಮನೆಗಳಲ್ಲಿ ಮಕ್ಕಳ ಒಂದೆರಡು ಪಠ್ಯಪುಸ್ತಕ ಇಡುತ್ತಾರೆ. ಅಮ್ಮ ಇಡೀ ಅಂಗಡಿಯನ್ನೇ ಇಡುತ್ತಿದ್ದಳು. ತನ್ನ ಮದುವೆಯ ರೇಷ್ಮೆ ಸೀರೆಯನ್ನು ಕಪಾಟುಗಳಿಗೆ ಅಡ್ಡಲಾಗಿ ಹೊದಿಸಿ, ಸೇವಂತಿಗೆ ಮಾಲೆ ಇಳಿಬಿಟ್ಟು, ಅರಿಶಿನ ಕುಂಕುಮ ಹಚ್ಚಿದರೆ ಮುಗಿಯಿತು, ದಶಮಿಯವರೆಗೆ ವ್ಯಾಪಾರವಿಲ್ಲ. ದೇವರು ದಿಂಡರೆಂದರೆ ಅಪ್ಪನಿಗೆ ಅಷ್ಟಕ್ಕಷ್ಟೇ. ನನಗೆ ಭಾನುವಾರವೂ ರಜಾ ಇಲ್ಲ, ನಿನ್ನ ಸರಸ್ವತಿಗೆ ಇಷ್ಟು ದಿನ ರಜಾ ಬೇಕೇ ಎಂದು ಪ್ರತಿ ವರ್ಷ ಅಮ್ಮನನ್ನು ಕೆಣಕುತ್ತಿದ್ದರು. ಆ ವರ್ಷ ದೊಡ್ಡ ಅಂಗಡಿಯವರು ಅದೇ ದಿನಗಳಲ್ಲಿ ದಸರಾ ಮಾರಾಟವೆಂದು ಬಟ್ಟೆಯ ಬ್ಯಾನರ್ ಕಟ್ಟಿದ್ದರು.

ಮೇಷ್ಟ್ರು ಮೊದಲೇ ಬರುತ್ತೇನೆಂದವರು ಬಂದದ್ದು ಆಯುಧಪೂಜೆಯ ಮಧ್ಯಾಹ್ನ. ಕಮಿಟಿಯ ಸಭೆ ತಡವಾಯಿತಂತೆ. ಮಕ್ಕಳ ಹೆಸರು ಬರೆಯಬೇಕು, ಬಣ್ಣದ ಕಾಗದ ಸುತ್ತಬೇಕು, ಪುಸ್ತಕಗಳು ಇವತ್ತೇ ಬೇಕು ಎಂದರು. ಹೇಳಿದ ಮೇಲೆ ಸೀರೆ ಹೊದ್ದ ಕಪಾಟುಗಳು ಅವರ ಕಣ್ಣಿಗೆ ಬಿದ್ದವು. ಆಗ ಪರದೆ ಸರಿಸಿಕೊಂಡು ಅಮ್ಮ ಹೊರಗೆ ಬಂದಳು. ಹೊರಗಿನವರು ಇದ್ದಾಗ ಅವಳು ಅಂಗಡಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ನೇರವಾಗಿ ಹೋಗಿ ಕಪಾಟಿಗೆ ಹೊದಿಸಿದ್ದ ಸೀರೆಯ ಸೆರಗನ್ನು ಹಿಡಿದುಕೊಂಡಳು.

"ತೆಗೀರಿ. ತಪ್ಪಾದ್ರೆ ನನಗಾಗ್ಲಿ, ಆ ಸರಸ್ವತಿ ಹತ್ರ ನಾನು ಕ್ಷಮೆ ಕೇಳ್ಕೋತೀನಿ."

"ಬೇಡ ಕಣೇ," ಅಂದರು ಅಪ್ಪ. ಆಮೇಲೆ ಮೇಷ್ಟ್ರ ಕಡೆ ತಿರುಗಿ ಹೇಳಿದರು, "ನಾಳೆ ಬೆಳಿಗ್ಗೆ ಪೂಜೆ ಆದ ತಕ್ಷಣ ನಾನೇ ತಂದ್ಕೊಡ್ತೀನಿ ಮೇಷ್ಟ್ರೇ. ಹೆಸರು ಬರೆಯೋದು, ಕಾಗದ ಸುತ್ತೋದು ಎಲ್ಲಾ ನಮಗೇ ಬಿಡಿ."

"ಆಗ್ಲಿ ಸಾರ್. ಪೂಜೆಗಿಟ್ಟಿದ್ದನ್ನ ತೆಗೀರಿ ಅನ್ನೋಕೆ ನಾನ್ಯಾರು," ಎಂದು ಮೇಷ್ಟ್ರು ಕೈ ಮುಗಿದು ಹೊರಟರು.

ಅವರು ತಿರುವು ದಾಟುವವರೆಗೂ ಅಮ್ಮ ಸೆರಗು ಬಿಡಲಿಲ್ಲ. ಅಂಗಡಿಯಲ್ಲಿ ನಾವು ಮೂವರೇ ಇದ್ದೆವು, ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ, ಆದರೂ ಅಮ್ಮ ಪಿಸುಮಾತಿನಲ್ಲೇ ಕೇಳಿದಳು.

"ವರ್ಷವಿಡೀ ಇಲ್ಲದ ಭಕ್ತಿ ಇವತ್ತು ಎಲ್ಲಿಂದ ಬಂತು ನಿಮಗೆ?"

"ಭಕ್ತಿ ಅಲ್ಲ ಕಣೇ. ಬೈಂಡ್ ಹಾಕಿದ್ವಿ. ಮನೆ ಮನೆಗೆ ಹೊತ್ಕೊಂಡು ಹೋದೆ. ಗಲ್ಲಾ ಮೇಲೆ ಅನ್ನ ಉಂಡೆ. ಅವರ ಜೊತೆ ಓಡೋಕೆ ಹೋಗಿ ಒಂದೊಂದೇ ಎಲ್ಲಾ ಬಿಟ್ವಿ. ಇದನ್ನೂ ಬಿಟ್ರೆ ನಮ್ಮ ಅಂಗಡಿ ಅಂತ ಅನ್ನೋಕೆ ಏನಿದೆ? ಇದೊಂದು ಇರ್ಲಿ."

"ಅಂಗಡಿ ಇದ್ರೆ ತಾನೆ ಇದೊಂದು ಇರೋದು."

ಇಷ್ಟು ವರ್ಷ ಯೋಚಿಸಿದ್ದೇನೆ, ಇಬ್ಬರಲ್ಲಿ ಯಾರು ಸರಿ ಎಂದು ನನಗೆ ತೀರ್ಮಾನಿಸಲಾಗಿಲ್ಲ. ನಂಬಿದವಳು ಬಿಡಲು ತಯಾರಿದ್ದಳು, ನಂಬದವರು ಬಿಡಲಿಲ್ಲ. ಅಮ್ಮನ ಮಾತು ಕೇಳಬೇಕಿತ್ತು ಎಂದು ಕೆಲವು ಸಲ ಅಪ್ಪನ ಮೇಲೆ ಸಿಟ್ಟು ಬರುತ್ತದೆ. ಕೇಳಿದ್ದರೂ ಆ ದೊಡ್ಡ ಅಂಗಡಿ ಇನ್ನೊಂದು ವರ್ಷಕ್ಕೆ ನಮ್ಮನ್ನು ಮುಗಿಸುತ್ತಿತ್ತು ಎಂದೂ ಅನ್ನಿಸುತ್ತದೆ.

ಮಾರನೇ ಬೆಳಿಗ್ಗೆ ಅಮ್ಮ ಮಂಗಳಾರತಿ ಮಾಡಿ ಸೀರೆ ತೆಗೆದ ಕೂಡಲೇ ಅಪ್ಪ ಪುಸ್ತಕ ಆರಿಸತೊಡಗಿದರು. ಚಿತ್ರ ಬರೆದವರಿಗೆ ಇದು, ಹಾಡಿದವರಿಗೆ ಇದು, ಓಟದಲ್ಲಿ ಗೆದ್ದ ಹುಡುಗರು ಓದುವ ಪೈಕಿಯಲ್ಲ, ಅವರಿಗೆ ಚಿತ್ರ ಜಾಸ್ತಿ ಇರುವುದು. ಅಷ್ಟು ಉತ್ಸಾಹದಲ್ಲಿ ಅಪ್ಪನನ್ನು ನಾನು ಆಮೇಲೆ ನೋಡಲಿಲ್ಲ. ಬಣ್ಣದ ಕಾಗದ ಸುತ್ತಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟು ಬಿಗಿದು, ನಾನು ಹಿಂದಿನಿಂದ ಕಟ್ಟನ್ನು ಹಿಡಿದುಕೊಂಡು, ತಳ್ಳಿಕೊಂಡೇ ಸಂಘದ ಕಟ್ಟಡಕ್ಕೆ ಹೋದೆವು. ಅಲ್ಲಿ ಶಾಮಿಯಾನ ಕಟ್ಟುತ್ತಿದ್ದರು. ವೇದಿಕೆಯ ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಪುಸ್ತಕಗಳ ಸಾಲು ಆಗಲೇ ಸಿದ್ಧವಾಗಿತ್ತು. ಪ್ರತಿಯೊಂದರ ಮೇಲೂ ದೊಡ್ಡ ಅಂಗಡಿಯ ಚೀಟಿ ಅಂಟಿಸಿತ್ತು. ಮೇಷ್ಟ್ರು ಓಡಿ ಬಂದು ಅಪ್ಪನ ಕೈ ಹಿಡಿದುಕೊಂಡರು. ತಾನು ಹೇಳಿದ್ದನ್ನು ಕಮಿಟಿಯವರು ಕೇಳಲಿಲ್ಲ, ನಿನ್ನೆ ಸಂಜೆಯೇ ಹೋಗಿ ತಂದುಬಿಟ್ಟರು, ವಾಚನಾಲಯಕ್ಕೆ ಪುಸ್ತಕಗಳ ಜೊತೆ ಕಪಾಟುಗಳನ್ನೂ ಆ ಅಂಗಡಿಯವರೇ ಕೊಡುತ್ತಾರಂತೆ ಎಂದರು. ಪರವಾಗಿಲ್ಲ ಬಿಡಿ ಮೇಷ್ಟ್ರೇ, ಮಕ್ಕಳಿಗೆ ಪುಸ್ತಕ ಸಿಕ್ಕಿತಲ್ಲ ಎಂದು ಅಪ್ಪ ನಕ್ಕರು. ವಾಪಸು ಬರುವಾಗ ಎರಡು ಸಲ ಸೈಕಲ್ ನಿಲ್ಲಿಸಿ, ಬಿಗಿಯಾಗಿಯೇ ಇದ್ದ ಹಗ್ಗವನ್ನು ಮತ್ತೆ ಬಿಗಿದರು. ನನ್ನ ಕಡೆ ನೋಡಲಿಲ್ಲ.

ಮುಂದಿನ ಜೂನ್ ಬರುವ ಮೊದಲೇ ಅಂಗಡಿ ಮುಚ್ಚಿತು. ಕೆಲವು ಪುಸ್ತಕಗಳನ್ನು ಪ್ರಕಾಶಕರು ವಾಪಸು ತೆಗೆದುಕೊಂಡರು, ಉಳಿದವು ಹಳೇ ಪೇಪರಿನವರ ತಕ್ಕಡಿಗೆ ಹೋದವು. ಅಮ್ಮನಿಗೆ ಹಾಲ್ ಸಿಕ್ಕಿತು. ಎರಡು ಬೆತ್ತದ ಕುರ್ಚಿ ಬಂದವು, ಅವುಗಳಲ್ಲಿ ಯಾರೂ ಕೂರುತ್ತಿರಲಿಲ್ಲ. ಸೋದರತ್ತೆ ಒಂದು ಸಲ ಬಂದು, ಈಗ ನೋಡಿ ಇದು ಮನೆ ಥರಾ ಇದೆ ಎಂದಾಗ ಅಮ್ಮ ಎದ್ದು ಒಳಗೆ ಹೋದಳು. ಪರದೆಯನ್ನು ಅವಳು ತೆಗೆಯಲಿಲ್ಲ. ಅಪ್ಪ ನಡುಮನೆಯಲ್ಲಿ ಕೂತು ಬಿಸಿ ಅನ್ನವನ್ನು ಆರುವ ಮೊದಲೇ ಉಂಡು ಮುಗಿಸುತ್ತಿದ್ದರು. ಉಣ್ಣುವಾಗ ಕಣ್ಣು ಪರದೆಯ ಕೆಳಗೇ ಇರುತ್ತಿತ್ತು, ಅಲ್ಲಿ ಕುರ್ಚಿಯ ಕಾಲುಗಳು ಕಾಣುತ್ತಿದ್ದವು.

ಅಪ್ಪನಿಗೆ ಪುಸ್ತಕ ಮಾರುವುದು ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ, ಪುಸ್ತಕ ಮಾರುವ ಅಂಗಡಿ ಸುತ್ತಮುತ್ತ ಒಂದೇ ಉಳಿದಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲೇ ಸೇರಿದರು. ಅವರು ಕೊಟ್ಟ ನೀಲಿ ಅಂಗಿಯನ್ನು ಅಮ್ಮ ದಿನಾ ಇಸ್ತ್ರಿ ಮಾಡುತ್ತಿದ್ದಳು. ಗಿರಾಕಿ ಕೇಳಿದ್ದನ್ನು ತೆಗೆದುಕೊಡಿ, ಯಾವುದನ್ನೂ ಬೇಡ ಅನ್ನಬೇಡಿ ಎಂದು ಮ್ಯಾನೇಜರ್ ಮೊದಲ ವಾರವೇ ಹೇಳಿದರಂತೆ. ಅಪ್ಪ ಅದನ್ನು ನಮಗೆ ಹೇಳಿದ್ದು ತಮಾಷೆಯಾಗಿ, ನಾವು ಯಾರೂ ನಗಲಿಲ್ಲ.

ಒಂದು ಶನಿವಾರ ಅಪ್ಪ ಊಟದ ಕ್ಯಾರಿಯರ್ ಮರೆತು ಹೋದರು. ಅಮ್ಮ ನನ್ನ ಕೈಲಿ ಕಳಿಸಿದಳು. ಗಾಜಿನ ಬಾಗಿಲ ಒಳಗೆ ಅಪ್ಪ ಯಾರಿಗೋ ಪುಸ್ತಕ ತೆಗೆದುಕೊಡುತ್ತಿದ್ದರು. ಅವರು ಕೇಳಿದ್ದನ್ನೇ ಕೊಟ್ಟರು, ಬೇರೇನೂ ಹೇಳಲಿಲ್ಲ. ಕಾಯುತ್ತ ನಾನು ಮಕ್ಕಳ ಕಪಾಟಿನ ಹತ್ತಿರ ಹೋದೆ. ಕಣ್ಣು ಕಾಣದ ಅಜ್ಜಿಯ ಕೈ ಹಿಡಿದು ಕಾಶಿಗೆ ಹೊರಟ ಆ ಹುಡುಗಿ ಮುಖಪುಟದ ಮೇಲೆ ನಿಂತಿದ್ದಳು, ಒಂದಲ್ಲ, ಒಂದೇ ಥರದ ಎಷ್ಟೋ ಪ್ರತಿಗಳು. ಒಂದನ್ನು ತೆಗೆದು, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅಂಗೈ ಅಗಲ ತೆರೆದು, ಮೂಗಿನ ಹತ್ತಿರ ಹಿಡಿದು ಆ ರೈಲ್ವೆ ನಿಲ್ದಾಣವನ್ನು ಹುಡುಕಿದೆ. ಅಪ್ಪ ಯಾವಾಗ ಪಕ್ಕಕ್ಕೆ ಬಂದು ನಿಂತರೋ ಗೊತ್ತಾಗಲಿಲ್ಲ.

"ಪೂರ್ತಿ ಬಿಡಿಸ್ಕೊಂಡು ಓದು ಪುಟ್ಟಿ," ಅಂದರು ಮೆಲ್ಲಗೆ. "ಇದು ನಮ್ಮದಲ್ಲ ಕಣೇ."

ನಾನು ಬಿಡಿಸಲು ನೋಡಿದೆ. ಅಪ್ಪ ನೋಡುತ್ತಿದ್ದರು. ನನ್ನ ಕೈಯಲ್ಲಿ ಆಗಲಿಲ್ಲ. ಪುಸ್ತಕವನ್ನು ಮುಚ್ಚಿ, ಮೊದಲಿದ್ದ ಜಾಗದಲ್ಲೇ ಸಾಲಿಗೆ ಸರಿಯಾಗಿ ಸೇರಿಸಿ, ಕ್ಯಾರಿಯರ್ ಅಪ್ಪನ ಕೈಗೆ ಕೊಟ್ಟು ಮನೆಗೆ ಬಂದೆ. ಆ ಅಜ್ಜಿ ಮೊಮ್ಮಗಳು ಮತ್ತೆ ಸೇರಿದರೋ ಇಲ್ಲವೋ, ನಾನು ತಿಳಿದುಕೊಳ್ಳಲು ಹೋಗಲಿಲ್ಲ.